ಅವಳಿಗೆ ಜನ ಆಗೋದಿಲ್ಲವಂತೆ

ಅವಳು ಹೋದ ಸುದ್ದಿ ಸ್ಕೂಲಿನ ವಾಟ್ಸಾಪ್ ಗ್ರೂಪಿಗೆ ಬಂದು ಒಂದು ಗಂಟೆಯಾಗುವುದರೊಳಗೆ ಅದರ ತುಂಬ ಕೈಮುಗಿದ ಚಿತ್ರಗಳು ಬಿದ್ದವು. ಸೈನ್ಸ್ ಟೀಚರು ಒಂದು ಪ್ಯಾರಾನೇ ಬರೆದರು. "ಅವರು ತುಂಬ ಪ್ರೈವೇಟ್ ಪರ್ಸನ್. ಅವರ ಸ್ವಭಾವಕ್ಕೆ ಗೌರವ ಕೊಟ್ಟು, ಮನೆಯವರಿಗೆ ತೊಂದರೆ ಮಾಡದೆ, ನಾವು ಇದ್ದಲ್ಲಿಂದಲೇ ಪ್ರಾರ್ಥಿಸೋಣ." ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು. ನಾನು ಫೋನನ್ನು ಹಾಸಿಗೆಯ ಮೇಲೆ ಎಸೆದು ಅತ್ತೆ. ದುಃಖಕ್ಕೆ ಅತ್ತೆನೋ ಸಿಟ್ಟಿಗೆ ಅತ್ತೆನೋ ಹೇಳಲಾರೆ, ಎರಡೂ ಇತ್ತು. ಪ್ರೈವೇಟ್ ಅಂತೆ! ಹಲಸೂರಿನ ಎಷ್ಟೋ ಮನೆಗಳ ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬ ಎಲ್ಲಿದೆ ಅಂತ ಗೊತ್ತಿದ್ದ ಹೆಂಗಸು ಅವಳು.

ಹೆಸರು ಬರೆಯುವುದಿಲ್ಲ. ಅವಳ ತಾಯಿ ಇನ್ನೂ ಇದ್ದಾರೆ, ತಮ್ಮ ಇದ್ದಾನೆ, ಅವರ ಪಾಡಿಗೆ ಅವರಿರಲಿ. ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿರುವ ಒಂದು ಸಣ್ಣ ಶಾಲೆಯಲ್ಲಿ ನಾವಿಬ್ಬರೂ ಬಹಳ ವರ್ಷ ಪಾಠ ಮಾಡಿದೆವು. ನಾನು ಕನ್ನಡ, ಅವಳು ಗಣಿತ. ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖ್ನಿ ಉರ್ದು, ಮೇಷ್ಟ್ರ ಮುಂದೆ ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಒತ್ತಕ್ಷರ ಕಲಿಸುವ ನನ್ನ ಪಾಡು ದೇವರಿಗೇ ಪ್ರೀತಿ. ನಿನ್ನ ಗಣಿತಕ್ಕೆ ಭಾಷೆಯ ತಾಪತ್ರಯ ಇಲ್ಲ, ಪುಣ್ಯವಂತೆ ಅಂತ ನಾನು ಹೊಟ್ಟೆ ಉರಿದುಕೊಂಡರೆ, "ಗಣಿತ ಯಾವ ಭಾಷೇಲಿ ಹೇಳಿದ್ರೂ ಅರ್ಥ ಆಗಲ್ಲ ಬಿಡು" ಅಂತ ಸಮಾಧಾನ ಮಾಡುತ್ತಿದ್ದಳು.

ಎತ್ತರದ ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ, ತುರುಬಿನೊಳಗೆ ಒಂದು ಚಾಕ್‌ಪೀಸು. ಬೋರ್ಡಿನಿಂದ ತಿರುಗುವಾಗ ಚಾಕನ್ನು ತುರುಬಿಗೆ ಸಿಗಿಸುತ್ತಿದ್ದಳು, ಮರೆಯುತ್ತಿದ್ದಳು, ಹಾಗೇ ಮನೆಗೂ ಹೋಗುತ್ತಿದ್ದಳು. ದನಿ ಯಾವಾಗಲೂ ತಗ್ಗು. ಮಕ್ಕಳು ಉತ್ತರ ಕೂಗಿದರೆ, "ಉತ್ತರ ಇರ್ಲಿ, ಸ್ಟೆಪ್ಸ್ ಹೇಳು" ಅನ್ನುವುದು ಅವಳ ಮಂತ್ರ. ಮದುವೆ ಯಾಕೆ ಆಗಲಿಲ್ಲ ಅಂತ ನಾನು ಒಮ್ಮೆ ಬಾಯಿ ಬಿಟ್ಟು ಕೇಳಿಬಿಟ್ಟಿದ್ದೆ. "ಸ್ಟೆಪ್ಸ್ ಜಾಸ್ತಿ ಇತ್ತು ಕಣೇ" ಅಂದಳು. ಕೆ.ಆರ್. ಪುರದ ಹಳೇ ಊರಿನ ಮನೆತನ ಅವರದು. ಒಂದು ಕಾಲಕ್ಕೆ ರಾಗಿ ಹೊಲ, ತರಕಾರಿ ತೋಟ ಇದ್ದ ಜಾಗದಲ್ಲಿ ಈಗ ಅವರದೇ ಸಾಲು ಬಾಡಿಗೆ ರೂಮುಗಳು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿರುತ್ತಾರೆ. ಕೆಳಮನೆಯಲ್ಲಿ ಅವಳು ಮತ್ತು ತಾಯಿ, ಮೇಲೆ ತಮ್ಮನ ಸಂಸಾರ.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಯಲ್ಲಾದರೂ ಸಾವಾದರೆ ಸಂಜೆ ಬೆಲ್ ಹೊಡೆದ ಮೇಲೆ ಟೀಚರುಗಳೆಲ್ಲ ಆಟೋ ಮಾಡಿಕೊಂಡು ಮಾತಾಡಿಸಿಕೊಂಡು ಬರುವುದು. ಹೋಗುತ್ತಿದ್ದೆವು ಸರಿ, ಹೋಗಿ ಮಾಡುವುದೇನು? ಗೋಡೆಗೆ ಒರಗಿ ಕೂತು ಫ್ಯಾನು ನೋಡುವುದು. ನನ್ನಂಥ ಬಾಯಿಬಡುಕಿಗೂ ಅಲ್ಲಿ ನಾಲಿಗೆ ಬಿದ್ದುಹೋಗುತ್ತಿತ್ತು. ಅವಳು ಮಾತ್ರ ನೆಟ್ಟಗೆ ಹೋಗಿ ಕಳೆದುಕೊಂಡವರ ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರುತ್ತಿದ್ದಳು. "ಏನಾಯ್ತು? ಮೊದಲಿಂದ ಹೇಳಿ" ಅನ್ನುತ್ತಿದ್ದಳು. ಅಷ್ಟೇ.

ನಮ್ಮ ಶಾಲೆಯ ಆಯಾಳ ಗಂಡ, ಆಟೋ ಓಡಿಸುತ್ತಿದ್ದವನು, ತೀರಿಕೊಂಡಾಗ ನಾನು ಅದನ್ನು ಕಣ್ಣಾರೆ ಕಂಡೆ. ಕೆರೆಯ ಪಕ್ಕದ ಕತ್ತಲೆ ಮನೆ. ಆಯಾ ಎರಡು ದಿನದಿಂದ ಬಾಯೇ ಬಿಟ್ಟಿರಲಿಲ್ಲವಂತೆ. ಇವಳು ಕೇಳಿದ್ದೇ ತಡ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಶುರುವಾಯಿತು. ಬೆಳಿಗ್ಗೆ ಇಡ್ಲಿ ಬೇಡ ಅಂದ, ಎದೆ ಹಿಡಿದುಕೊಂಡ, ಸೋಡಾ ತರಲು ಹುಡುಗನನ್ನು ಕಳಿಸಿದೆ. ಇವಳು ಮಧ್ಯೆ ಮಧ್ಯೆ, "ಸೋಡಾ ತಂದನಾ? ಆಮೇಲೆ?" ಅಂತ ಒಂದೊಂದು ಸ್ಟೆಪ್ಪೂ ತಪ್ಪದ ಹಾಗೆ ಕೇಳಿಸಿಕೊಂಡಳು. ಹೇಳಿ ಮುಗಿಸಿ ಆಯಾ ಇವಳ ತೊಡೆಯ ಮೇಲೆ ತಲೆಯಿಟ್ಟು ಗೊಳೋ ಅಂತ ಅತ್ತಳು. ಅಷ್ಟು ಹೊತ್ತಿಗೆ ಪಕ್ಕದ ಮನೆಯಿಂದ ಕಾಫಿ ತರಿಸಿ ಕುಡಿಸಿಯೂ ಆಗಿತ್ತು. ಹೊರಡುವಾಗ ನಾನು ಅಭ್ಯಾಸಬಲದಿಂದ "ಬರ್ತೀನಿ" ಅನ್ನಲು ಹೋದರೆ ನನ್ನ ಸೊಂಟ ಜಿಗುಟಿದಳು. ಸಾವಿನ ಮನೆಯಲ್ಲಿ ಹಾಗೆ ಹೇಳಬಾರದಲ್ಲ, ನನಗೆ ಪ್ರತಿ ಸಲವೂ ಮರೆತುಹೋಗುತ್ತಿತ್ತು. "ಮದುವೆಗೆ ಕರೆದ್ರೆ ಹೋಗ್ಬೇಕು, ಸಾವಿಗೆ ಗೊತ್ತಾದ್ರೆ ಹೋಗ್ಬೇಕು" ಅಂತ ಅವಳ ತಾಯಿ ಹೇಳುತ್ತಿದ್ದರಂತೆ, ಅದನ್ನೇ ಇವಳು ಪಾಲಿಸಿಕೊಂಡು ಬಂದಿದ್ದಳು.

ಆದರೆ ಮಾರನೇ ದಿನ ಅವಳ ಮುಖ ನೋಡಬೇಕಿತ್ತು. ಕಣ್ಣು ಊದಿಕೊಂಡಿರುತ್ತಿತ್ತು, ತಲೆ ಸಿಡಿಯುತ್ತದೆ ಅಂತ ಲಂಚ್ ಹೊತ್ತಿನಲ್ಲಿ ಸ್ಟಾಫ್‌ರೂಮಿನ ಬೆಂಚಿನ ಮೇಲೆ ಒದ್ದೆ ಕರ್ಚೀಫು ಹಾಕಿಕೊಂಡು ಮಲಗುತ್ತಿದ್ದಳು. "ಜನ ಅಂದ್ರೆ ನಂಗೆ ಯಾಕೆ ಹಿಂಗೆ ಸುಸ್ತಾಗುತ್ತೆ ಅಂತ ಗೊತ್ತಿಲ್ಲ ಕಣೇ. ನಿನಗೆಲ್ಲ ಆಗಲ್ಲ. ನನ್ನಲ್ಲೇ ಏನೋ ಊನ ಇರ್ಬೇಕು" ಅನ್ನುತ್ತಿದ್ದಳು. ಬಿಸಿಲಿಗೆ ಹಾಗಾಗುತ್ತೆ, ನಿಂಬೆಹಣ್ಣಿನ ಪಾನಕ ಕುಡಿ ಅಂತ ನಾನು ವೈದ್ಯ ಹೇಳುತ್ತಿದ್ದೆ.

ಹೀಗಿರುವಾಗ ಶಾಲೆಗೆ ಒಂದು ವರ್ಕ್‌ಶಾಪ್ ಬಂತು. ಕಲ್ಯಾಣ ನಗರದ ಯಾವುದೋ ಸಂಸ್ಥೆಯಿಂದ ಕೋಟು ತೊಟ್ಟ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಟೀಚರುಗಳು ತಮ್ಮ ತಮ್ಮ ಪರ್ಸನಾಲಿಟಿ ಟೈಪ್ ತಿಳಿದುಕೊಂಡರೆ ಪಾಠ ಸುಧಾರಿಸುತ್ತದಂತೆ. ಪಾರ್ಟಿಗೆ ಹೋದರೆ ನಿಮಗೆ ಹುರುಪು ಬರುತ್ತದೆಯೋ ಸುಸ್ತಾಗುತ್ತದೆಯೋ, ಇಂಥವೇ ಪ್ರಶ್ನೆಗಳು. ನಾವು ಯಾವ ಜನ್ಮದಲ್ಲಿ ಪಾರ್ಟಿಗೆ ಹೋಗಿದ್ದೆವು! ಪಾರ್ಟಿ ಅಂದರೆ ನಾಮಕರಣ ಅಂತ ಇಟ್ಟುಕೊಂಡು ಟಿಕ್ ಹಾಕಿದೆವು. ಕೊನೆಗೆ ಪ್ರತಿಯೊಬ್ಬರಿಗೂ ನಾಲ್ಕು ಇಂಗ್ಲಿಷ್ ಅಕ್ಷರ ಬಂತು. ನನಗೇನು ಬಂತು ಅಂತ ಹೇಳಬೇಕಾಗಿಲ್ಲ, ಇಲ್ಲಿಯವರೆಗೆ ಓದಿದವರಿಗೆ ಗೊತ್ತಾಗಿರುತ್ತದೆ. ಅವಳಿಗೆ ಬಂದದ್ದರಲ್ಲಿ ಮೊದಲನೆಯದು ಐ, ಅಂದರೆ ಇಂಟ್ರೊವರ್ಟ್. ಅಂತರ್ಮುಖಿ. "ನಿಮ್ಮ ಎನರ್ಜಿ ಜನರಿಂದ ಖರ್ಚಾಗುತ್ತೆ, ಒಬ್ಬರೇ ಇದ್ದಾಗ ತುಂಬಿಕೊಳ್ಳುತ್ತೆ. ಇದು ಊನ ಅಲ್ಲ ಮೇಡಂ, ಇದೇ ನೀವು" ಅಂದಳು ಆ ಹುಡುಗಿ.

ಅವಳು ಕೂತಲ್ಲೇ ಕಣ್ಣೀರು ಹಾಕಿದಳು. ಸಂತೋಷದ ಕಣ್ಣೀರು. ಸಂಜೆ ಬಸ್‌ಸ್ಟಾಪಿನವರೆಗೂ ಅದೇ ಮಾತು. "ಇಷ್ಟು ವರ್ಷ ನನ್ನನ್ನ ನಾನೇ ಬೈಕೊಂಡಿದ್ದೆ ನೋಡು. ನಾನು ಕೆಟ್ಟೋಳಲ್ಲ, ಇಂಥೋಳು ಅಷ್ಟೆ." ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ನನಗೂ ಖುಷಿಯಾಯಿತು. ಆ ಹುಡುಗಿ ಸುಳ್ಳು ಹೇಳಿದಳು ಅಂತ ನಾನು ಇವತ್ತಿಗೂ ಅನ್ನುವುದಿಲ್ಲ. ಸುಸ್ತಾಗುವುದು ನಿಜವೇ ಆಗಿತ್ತು.

ಮೊದಮೊದಲು ಒಳ್ಳೆಯದೇ ಆಯಿತು. ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದವಳು ಇಲ್ಲ ಅನ್ನಲು ಕಲಿತಳು. ಆನ್ಯುವಲ್ ಡೇಗೆ ನಿರೂಪಣೆ ಮಾಡಿ ಅಂತ ಹೆಡ್‌ಮಿಸ್ ಗಂಟುಬಿದ್ದಾಗ, "ಸಾರಿ ಮಿಸ್, ಅದು ನನ್ನ ಟೈಪ್ ಅಲ್ಲ" ಅಂದಳು. ನಾನು ಹಿಂದೆ ಕೂತು ಚಪ್ಪಾಳೆ ತಟ್ಟಿದೆ. ಫೋನಿನಲ್ಲಿ ಅವಳ ಟೈಪಿನವರಿಗಂತಲೇ ಬರುವ ಮಾತುಗಳನ್ನು ನಮಗೆಲ್ಲ ಕಳಿಸತೊಡಗಿದಳು. ಅಂತರ್ಮುಖಿಗಳನ್ನು ಹೇಳದೆ ಕೇಳದೆ ಭೇಟಿ ಮಾಡಬೇಡಿ. ಅವರ ಮೌನವನ್ನು ಗೌರವಿಸಿ. ಅವರಿಗೆ ಫೋನ್ ಮಾಡುವ ಬದಲು ಮೆಸೇಜ್ ಮಾಡಿ. ನಾವು ಗೌರವಿಸಿದೆವು. ಎಷ್ಟಾದರೂ ಟೀಚರುಗಳು, ಹೇಳಿದ್ದನ್ನು ಕಲಿಯುವ ಜಾತಿ.

ಆಮೇಲೆ ಲಂಚ್ ಬಿಟ್ಟಳು. ಊಟ ಬಿಡಲಿಲ್ಲ, ನಮ್ಮ ಜೊತೆ ಉಣ್ಣುವುದನ್ನು ಬಿಟ್ಟಳು. ಡಬ್ಬ ಎತ್ತಿಕೊಂಡು ಮ್ಯಾಥ್ಸ್ ಲ್ಯಾಬಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಅವಳ ಮನೆಯ ಉಪ್ಸಾರಿಗೆ ಕೈಚಾಚುತ್ತಿದ್ದ ನಾವು ಪೆಚ್ಚಾಗಿ ನಮ್ಮ ನಮ್ಮ ಪಲ್ಯ ತಿಂದೆವು. ಆಮೇಲೆ ಸಾವಿನ ಮನೆಗಳು. "ನೀವು ಹೋಗ್ಬನ್ನಿ. ನಾನು ಅಂಥ ಕಡೆ ಬಂದ್ರೆ ಮೂರು ದಿನ ಹಾಳಾಗ್ತೀನಿ, ನನ್ನ ಟೈಪಿಗೆ ಅದು ಆಗಲ್ಲ" ಅಂದಳು. ನಾನು ಜಗಳ ಆಡಿದೆ. "ಸುಸ್ತಾಗುತ್ತೆ, ಯಾರು ಇಲ್ಲ ಅಂದ್ರು? ಅಡುಗೆ ಮಾಡಿದ್ರೂ ಸುಸ್ತಾಗುತ್ತೆ, ಬಟ್ಟೆ ಒಗೆದ್ರೂ ಸುಸ್ತಾಗುತ್ತೆ. ಸುಸ್ತಾಗೋದನ್ನೆಲ್ಲ ಬಿಡ್ತೀಯಾ?" ಅಂದೆ. ಅವಳು ನಕ್ಕು, "ನಿನಗೆ ಅರ್ಥ ಆಗಲ್ಲ ಬಿಡು, ನಿನ್ನ ಟೈಪೇ ಬೇರೆ" ಅಂದಳು. ನಾನು ಬ್ಯಾಗು ಎತ್ತಿಕೊಂಡು ಉಳಿದವರ ಜೊತೆ ಆಟೋ ಹತ್ತಿದೆ.

ನನ್ನ ಅಮ್ಮ ಹೋದಾಗ ಅವಳು ಬರಲಿಲ್ಲ.

ಹನ್ನೊಂದು ದಿನವೂ ನಾನು ಬಾಗಿಲ ಕಡೆ ನೋಡಿದೆ. ಶಾಲೆಯವರೆಲ್ಲ ಬಂದು ಗೋಡೆಗೆ ಒರಗಿ ಫ್ಯಾನು ನೋಡಿ ಹೋದರು. ಏನಾಯ್ತು ಅಂತ ಯಾರೂ ಮೊದಲಿಂದ ಕೇಳಲಿಲ್ಲ. ನನಗೆ ಹೇಳುವುದಿತ್ತು. ಅಮ್ಮ ಕೊನೆಗೆ ನೀರು ಕೇಳಿದ್ದು, ನಾನು ತರುವಷ್ಟರಲ್ಲಿ ಬೇಡ ಅಂದದ್ದು, ಎಲ್ಲ ಹೇಳದೆಯೇ ಉಳಿಯಿತು. ಅವಳಿಂದ ಒಂದು ಮೆಸೇಜ್ ಬಂತು. "ನಿನಗೆ ನಿನ್ನದೇ ಆದ ಸ್ಪೇಸ್ ಕೊಡ್ತಿದೀನಿ. ನಾನು ಎಂಥೋಳು ಅಂತ ನಿನಗೆ ಗೊತ್ತಲ್ಲ." ನನಗೆ ಸ್ಪೇಸ್ ಬೇಕಾಗಿರಲಿಲ್ಲ. ಮನೆ ತುಂಬ ಅದೇ ಇತ್ತು. ಆಮೇಲೆ ಶಾಲೆಯಲ್ಲಿ ಎದುರಾದಾಗ ನಾನು ನೆಟ್ಟಗೆ ಮಾತಾಡಲಿಲ್ಲ, ಅವಳೂ ಹತ್ತಿರ ಬರಲಿಲ್ಲ. ಒಂದೇ ಸೂರಿನ ಕೆಳಗೆ ಇದ್ದುಕೊಂಡು ಎರಡು ವರ್ಷ ಹಾಗೇ ಕಳೆದೆವು.

ಆಮೇಲೆ ಒಂದು ದಿನ ಅವಳು ರಜೆ ಹಾಕಿದಳು. ರಜೆ ಉದ್ದವಾಯಿತು. ಹೊಟ್ಟೆಯಲ್ಲಿ ಗೆಡ್ಡೆ, ಒಳ್ಳೆಯದಲ್ಲ ಅಂತ ಹೆಡ್‌ಮಿಸ್ ಮೆಲ್ಲಗೆ ತಿಳಿಸಿದರು. "ಯಾರೂ ಹೋಗಿ ಡಿಸ್ಟರ್ಬ್ ಮಾಡೋದು ಬೇಡ, ಅವರಿಗೆ ಇಷ್ಟ ಆಗಲ್ಲ" ಅಂತಲೂ ಸೇರಿಸಿದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಆ ಭಾನುವಾರವೇ ಕೆ.ಆರ್. ಪುರಕ್ಕೆ ಹೋದೆ. ಸಿಟ್ಟು ಇಟ್ಟುಕೊಂಡೇ ಹೋದೆ.

ಗೇಟಿನಲ್ಲಿ ಅವಳ ತಮ್ಮ ಸಿಕ್ಕಿದ. ಒಳ್ಳೆಯ ಹುಡುಗ, ಕಣ್ಣು ಕೆಂಪಾಗಿತ್ತು. "ಅಕ್ಕನಿಗೆ ಜನ ಆಗಲ್ಲ ಮೇಡಂ. ನಮ್ಮ ನೆಂಟರನ್ನೂ ಬರಬೇಡಿ ಅಂದಿದೀನಿ. ಹಾಸ್ಪಿಟಲ್‌ನಲ್ಲೂ ಬೇರೆ ರೂಮೇ ಮಾಡಿಸಿದ್ದೆ" ಅಂದ. ಅಕ್ಕನಿಗಾಗಿ ಅವನಿಗೆ ಗೊತ್ತಿದ್ದದ್ದನ್ನೆಲ್ಲ ಮಾಡುತ್ತಿದ್ದ. ಹಿಂದಿನ ರೂಮಿನ ರಾಯಚೂರಿನ ಹೆಂಗಸು ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದವಳು, ನನ್ನನ್ನು ಕಂಡು ಸೆರಗಿಗೆ ಕೈ ಒರೆಸುತ್ತ ಬಂದಳು. "ಹೋಗ್ರಿ ಅಕ್ಕಾರ, ಒಳಗ ಹೋಗ್ರಿ. ಟೀಚರಮ್ಮ ಮೊದ್ಲು ಹಿಂಗ ಇದ್ದಿಲ್ರಿ. ನನ್ನ ಬಾಣಂತನಕ್ಕ ದಿನಾ ಬಂದು ಕುಂದರ್ತಿದ್ರು. ಈಗ ಕಿಡಕ್ಯಾಗ ನಿಂತು ನಾವು ರೊಟ್ಟಿ ಬಡಿಯೋದು ನೋಡ್ತಾರ, ಕರದ್ರ ಬರಂಗಿಲ್ಲ" ಅಂದಳು. ತಮ್ಮ ದಾರಿ ಬಿಟ್ಟ.

ಅವಳು ಮಂಚದ ಮೇಲೆ ಗೋಡೆಗೆ ಒರಗಿದ್ದಳು. ತುರುಬು ಇರಲಿಲ್ಲ, ತಲೆಗೆ ಸ್ಕಾರ್ಫು ಕಟ್ಟಿದ್ದಳು. ನಾನು ಬಾಗಿಲಲ್ಲೇ ನಿಂತೆ. ನನಗೆ ಬೇಕಾದಷ್ಟು ಬೈಯುವುದಿತ್ತು. ಅವಳು ನನ್ನನ್ನು ನೋಡಿ ಸ್ವಲ್ಪ ಸರಿದು ಮಂಚದ ಮೇಲೆ ಜಾಗ ಮಾಡಿದಳು. ಕೂತೆ.

"ಅವತ್ತು ನಾನು ಬಂದಿದ್ದೆ ಕಣೇ" ಅಂದಳು.

"ಯಾವತ್ತು?"

"ನಿಮ್ಮಮ್ಮ ಹೋದಾಗ. ನಿಮ್ಮ ಗಲ್ಲಿ ತುದೀಲಿ ಮೆಡಿಕಲ್ ಶಾಪ್ ಇದೆಯಲ್ಲ, ಅಲ್ಲಿವರೆಗೂ ಬಂದೆ. ನಿಮ್ಮನೆ ಮುಂದೆ ಬೆಂಕಿ ಹಾಕಿದ್ದು, ಜನ ಎಲ್ಲ ಕಾಣಿಸ್ತು. ಮೊದಲಾದ್ರೆ ಹಿಂದೆಮುಂದೆ ನೋಡದೆ ನುಗ್ತಿದ್ದೆ. ಅವತ್ತು ನಿಂತ್ಬಿಟ್ಟೆ. ಇದು ನನ್ನಂಥೋರು ಮಾಡೋ ಕೆಲಸ ಅಲ್ಲ, ಹೋದ್ರೂ ಸರಿಯಾಗಿ ಮಾಡಕ್ಕಾಗಲ್ಲ ಅನ್ನಿಸ್ಬಿಡ್ತು. ಹೆಂಗೆ ಮಾತಾಡಿಸ್ತಿದ್ದೆ ಅನ್ನೋದೇ ನೆನಪಿಗೆ ಬರ್ಲಿಲ್ಲ. ತಲೆನೋವಿನ ಮಾತ್ರೆ ತಗೊಂಡು ವಾಪಸ್ ಹೋದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಅವಳ ಕೈ ಹಿಡಿದುಕೊಂಡೆ, ಮೂಳೆ ಸಿಕ್ಕಿತು. "ಏನಾಯ್ತು, ಮೊದಲಿಂದ ಹೇಳು" ಅಂತ ಅವಳೇ ಕೇಳಿದಳು. ಎರಡು ವರ್ಷ ತಡವಾಗಿ ನಾನು ಅಮ್ಮನ ನೀರಿನ ಕತೆ ಹೇಳಿದೆ. ತಮ್ಮ ಎರಡು ಸಲ ಬಾಗಿಲಲ್ಲಿ ಇಣುಕಿ ಗಡಿಯಾರ ನೋಡಿದ. ಆಮೇಲೆ ಅವಳ ಆಪರೇಷನ್ನಿನ ಕತೆಯನ್ನು ಅವಳು ಹೇಳಿದಳು. ಬೇರೆ ರೂಮಿನಲ್ಲಿ ಒಬ್ಬಳೇ ಮಲಗಿ, ಪಕ್ಕದ ವಾರ್ಡಿನಲ್ಲಿ ಹೆಂಗಸರು ಮಾತಾಡುವುದು ಕೇಳಿಸಲಿ ಅಂತ ನರ್ಸಿಗೆ ಬಾಗಿಲು ತೆಗೆದಿಡಲು ಹೇಳುತ್ತಿದ್ದಳಂತೆ. ನರ್ಸು ಮುಚ್ಚಿಕೊಂಡು ಹೋಗುತ್ತಿದ್ದಳಂತೆ, ತಮ್ಮ ಹಾಗೆ ಹೇಳಿದ್ದ.

"ಅವನಿಗೆ ಹೇಳ್ಬಾರ್ದಾ?" ಅಂದೆ.

"ಏನಂತ ಹೇಳ್ಲಿ? ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು ಅಂತಾನಾ? ಸುಳ್ಳೂ ಅಲ್ಲ ಕಣೇ ಅದು." ನಾನು ಏಳುವಾಗ ಸೆರಗು ಹಿಡಿದುಕೊಂಡಳು. "ಶನಿವಾರ ಸ್ಕೂಲ್ ಬಿಟ್ಮೇಲೆ ಎಲ್ಲರನ್ನೂ ಕರ್ಕೊಂಡ್ಬಾ. ಎಲ್ಲ ಬನ್ನಿ. ಗಲಾಟೆ ಆಗ್ಲಿ. ಆಯಾನೂ ಕರ್ಕೊಂಡ್ಬಾ."

ಸೋಮವಾರ ಸ್ಟಾಫ್‌ರೂಮಿನಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. "ಅವರಾ? ಎಲ್ಲರೂ ಬನ್ನಿ ಅಂದ್ರಾ?" ಅಂತ ಸೈನ್ಸ್ ಟೀಚರು ನಕ್ಕರು. "ಪಾಪ, ನೀವು ಹೋದ್ರಿ ಅಂತ ಮರ್ಯಾದೆಗೆ ಹೇಳಿರ್ತಾರೆ ಮೇಡಂ. ಇಂಟ್ರೊವರ್ಟ್‌ಗಳು ಹಾಗೇನೇ, ಇಲ್ಲ ಅನ್ನಕ್ಕೆ ಬರಲ್ಲ." ಹೆಡ್‌ಮಿಸ್ ತಮ್ಮನಿಗೆ ಫೋನ್ ಮಾಡಿದರು. ಅವನು ಅಕ್ಕನನ್ನು ಒಂದು ಮಾತೂ ಕೇಳದೆ, ದಯವಿಟ್ಟು ಬೇಡ ಮೇಡಂ, ಅಕ್ಕನಿಗೆ ಜನ ಆಗಲ್ಲ ಅಂದ. ನಾನು ಎಷ್ಟು ಕೂಗಾಡಿದರೂ, "ನಿಮಗೆ ಜನ ಅಂದ್ರೆ ಇಷ್ಟ, ಅದಕ್ಕೆ ನಿಮಗೆ ಹಾಗನ್ಸುತ್ತೆ" ಅಂತ ನನ್ನನ್ನೇ ಸಮಾಧಾನ ಮಾಡಿದರು. ಆಯಾ ಒಬ್ಬಳು ಬರಲು ಒಪ್ಪಿದ್ದಳು, ಶನಿವಾರ ಬೆಳಿಗ್ಗೆಯೇ ಮೊಮ್ಮಗಳಿಗೆ ಜ್ವರ ಬಂತು. ಎಲ್ಲರೂ ಸೇರಿ ಒಂದು ಕಾರ್ಡು ತಂದು ಸಹಿ ಹಾಕಿದರು. ಉತ್ತರ ಬರೆಯುವ ಅಗತ್ಯವಿಲ್ಲ ಅಂತ ಕೆಳಗೆ ಬೇರೆ ಬರೆದರು. ಪ್ರೀತಿಯಿಂದಲೇ ಬರೆದರು, ಅದೇ ನನಗೆ ತಡೆಯಲಾಗದ್ದು.

ಶನಿವಾರ ನಾನೊಬ್ಬಳೇ ಮೆಟ್ರೋ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಲಿ ಅಂತ ಯೋಚಿಸಿದೆ, ಏನೂ ಹೊಳೆಯಲಿಲ್ಲ.

ನಡುಮನೆಗೆ ಕಾಲಿಟ್ಟವಳು ನಿಂತುಬಿಟ್ಟೆ. ಕುರ್ಚಿಗಳು. ಬಾಡಿಗೆ ರೂಮುಗಳಿಂದೆಲ್ಲ ಎರವಲು ತಂದ ಪ್ಲಾಸ್ಟಿಕ್ ಕುರ್ಚಿಗಳು, ನೀಲಿ, ಕೆಂಪು, ಕಾಲಿಗೆ ತಂತಿ ಸುತ್ತಿದ್ದೊಂದು, ಗೋಡೆಯುದ್ದಕ್ಕೂ ಸುತ್ತ ಹಾಕಿದ್ದವು. ತಾಯಿ ಒಳ್ಳೆ ಸೀರೆ ಉಟ್ಟು ದೊಡ್ಡ ಪಾತ್ರೆಯಲ್ಲಿ ಹಾಲಿಟ್ಟಿದ್ದರು. ಅವಳು ಮಧ್ಯದ ಕುರ್ಚಿಯಲ್ಲಿ, ಗಂಜಿ ಹಾಕಿದ ಸೀರೆಯೊಳಗೆ ಎಲ್ಲೋ ಇದ್ದಳು.

"ಎಲ್ಲ ಎಲ್ಲಿ?" ಅಂದಳು.

"ಬರ್ತಿದಾರೆ. ಆಟೋದಲ್ಲಿ. ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದಾರೆ" ಅಂದೆ. ಬಾಯಿಗೆ ಬಂದದ್ದು ಅದು.

"ಮೆಟ್ರೋ ಇಟ್ಕೊಂಡು ಆಟೋದಲ್ಲಿ ಯಾಕೆ ಬಂದ್ರು?"

"ಹೆಡ್‌ಮಿಸ್‌ಗೆ ಮಂಡಿನೋವು, ಮೆಟ್ಟಿಲು ಹತ್ತಕ್ಕಾಗಲ್ಲ."

ಮೆಟ್ರೋದಲ್ಲಿ ಲಿಫ್ಟ್ ಇದೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. "ಹೌದಾ, ಪಾಪ" ಅಂದು ಬಾಗಿಲ ಕಡೆ ನೋಡುತ್ತ ಕೂತಳು. ನಾನು ಏನೇನೋ ಮಾತಾಡಿದೆ, ಪರೀಕ್ಷೆ, ಮಕ್ಕಳು, ಹೊಸ ಟೈಮ್‌ಟೇಬಲ್ಲು. ಹೊರಗೆ ಗೇಟು ಸದ್ದಾದಾಗಲೆಲ್ಲ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಒಂದು ಸಲ ಹಾಲಿನವನು, ಒಂದು ಸಲ ತಮ್ಮ. ಬಿಸಿಲು ಇಳಿಯಿತು. ತಾಯಿ ಹಾಲನ್ನು ಎರಡನೇ ಸಲ ಕಾಯಿಸಿ, ನನ್ನ ಮುಖ ನೋಡಿ, ದೀಪ ಹಾಕಿ ಒಳಗೆ ಹೋದರು.

"ಬರಲ್ಲ, ಅಲ್ವಾ?" ಅಂದಳು.

ನನಗೆ ಅಳು ಬಂತು. ಬ್ಯಾಗಿನಿಂದ ಆ ಕಾರ್ಡು ತೆಗೆದುಕೊಟ್ಟೆ. ನಿನ್ನ ಮೇಲೆ ಅವರಿಗೆ ಪ್ರೀತಿ ಇಲ್ಲ ಅಂತಲ್ಲ, ನಿನಗೆ ಇಷ್ಟ ಆಗಲ್ಲ ಅಂತ ಅಂದ್ಕೊಂಡಿದಾರೆ ಅಂತ ಏನೋ ತೊದಲಿದೆ. ಅವಳು ಒಂದೊಂದು ಸಹಿಯನ್ನೂ ನಿಧಾನವಾಗಿ ಓದಿ ಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಅವರನ್ನ ಬೈಬೇಡ ಕಣೇ" ಅಂದಳು. "ಹೇಳ್ಕೊಟ್ಟೋಳು ನಾನೇ ಅಲ್ವಾ. ಚೆನ್ನಾಗಿ ಕಲ್ತಿದಾರೆ."

ಹಿಂದಿನ ರೂಮಿನವರು ಕೆಲಸ ಮುಗಿಸಿ ಬರುವ ಹೊತ್ತಾಗಿತ್ತು, ಅವರ ಕುರ್ಚಿ ಅವರಿಗೆ ಕೊಟ್ಟುಬಿಡು ಅಂದಳು. ನಾನು ಒಂದೊಂದಾಗಿ ಎತ್ತಿ ಜಗಲಿಗೆ ಇಡತೊಡಗಿದೆ. ಬಾಗಿಲ ಪಕ್ಕದ ಕೊನೆಯದಕ್ಕೆ ಕೈ ಹಾಕಿದಾಗ ಹಿಂದಿನಿಂದ ಅವಳ ದನಿ ಬಂತು.

"ಅದೊಂದು ಇರ್ಲಿ ಬಿಡೇ. ಯಾರಾದ್ರೂ ಬಂದ್ರೆ."